ಅಂಗಡಿಯ ಬ್ರೆಡ್ಡು: ಸಂರಕ್ಷಕ ದ್ರವ್ಯಗಳು ಮತ್ತು ಬಾಳಿಕೆಯ ಅವಧಿ

ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ಕೊಡುವ ಪಥ್ಯದ ಪದಾರ್ಥವೆಂದೇ ಕನ್ನಡ ನಾಡಿನ ಅನೇಕ ಮನೆಗಳಲ್ಲಿ ಬ್ರೆಡ್ಡು ಬಹುಕಾಲ ಪರಿಚಿತವಾಗಿತ್ತು. ಇಂದು ಅದು ನಗರ, ಗ್ರಾಮವೆಂಬ ಭೇದವಿಲ್ಲದೆ ಬೆಳಗಿನ ಉಪಾಹಾರವಾಗಿ, ಮಕ್ಕಳ ಬುತ್ತಿಯಾಗಿ ಬಳಕೆಗೆ ಬಂದಿದೆ. ರಾತ್ರಿ ಮಿಕ್ಕ ಅನ್ನ ಬೆಳಗಾಗುವಷ್ಟರಲ್ಲಿ ಹಳಸಲಾರಂಭಿಸುತ್ತದೆ. ಅನ್ನದಷ್ಟೇ ಮೆತ್ತಗಿರುವ ಬ್ರೆಡ್ಡು ಮಾತ್ರ ನಾಲ್ಕೈದು ದಿನ ಅಂಗಡಿಯ ಕಪಾಟಿನಲ್ಲಿ ಹಾಗೆಯೇ ಕುಳಿತಿರುತ್ತದೆ. ಇದು ಹೇಗೆ ಸಾಧ್ಯ, ಅದಕ್ಕೆ ಬೆರೆಸಿರುವ ವಸ್ತು ಯಾವುದು, ಅದು ದೇಹಕ್ಕೆ ಹಾನಿಕರವೇ ಎಂಬ ಸಂದೇಹ ಬಳಕೆದಾರರಲ್ಲಿ ಮೂಡುವುದು ಸಹಜ. ಈ ವಿಷಯವನ್ನು ಅರಿಯಲು ಕೇರಳದ ಕೊಚ್ಚಿ ಮತ್ತು ತಿರುವನಂತಪುರ ನಗರಗಳು ಒಳ್ಳೆಯ ನಿದರ್ಶನಗಳಾಗಿವೆ. ಅಲ್ಲಿ ಬ್ರೆಡ್ಡಿನ ಪರಂಪರೆ ಹಳೆಯದು. ಅಲ್ಲಿಯ ಹವೆ ಮಾತ್ರ ಬ್ರೆಡ್ಡಿಗೆ ಒಗ್ಗುವಂಥದಲ್ಲ.

ಬೋರ್ಮದಿಂದ ಕಾರ್ಖಾನೆಗೆ

ಪೋರ್ಚುಗೀಸರು 1503ರಲ್ಲಿ ಕೊಚ್ಚಿಯಲ್ಲಿ ಕೋಟೆ ಕಟ್ಟಿದರು. 1663ರಲ್ಲಿ ಆ ಪಟ್ಟಣ ಡಚ್ಚರ ವಶವಾಯಿತು. ಹುದುಗಿಸಿದ ಗೋಧಿಹಿಟ್ಟಿನ ರೊಟ್ಟಿ ಪಶ್ಚಿಮ ಕರಾವಳಿಯಲ್ಲಿ ನೆಲೆಯೂರಿದ್ದು ಈ ಸಂಪರ್ಕದಿಂದಲೇ. ‘ಪಾವ್’ ಎಂಬ ಮಾತು ಪೋರ್ಚುಗೀಸರದು. ಕೊಚ್ಚಿಯ ಕೋಟೆ ಪ್ರದೇಶದಲ್ಲಿ ಇಂದಿಗೂ ಹೆಸರಾಗಿರುವ ‘ಬ್ರೂಡರ್’ ಎಂಬ ಸಿಹಿ ಬ್ರೆಡ್ಡು ಡಚ್ಚರ ಬಳುವಳಿ. 1880ರಲ್ಲಿ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಅವರು ಬಿಸ್ಕತ್ತಿನ ಕಾರ್ಖಾನೆಯನ್ನು ತೆರೆದರು. ಮುಂದೆ ಅವರ ಮನೆತನದವರು ಕೇರಳದ ಬೇರೆ ಬೇರೆ ಪಟ್ಟಣಗಳಿಗೆ ಹೋಗಿ ಬೇಕರಿಗಳನ್ನು ನಡೆಸಿದರು. ಕೊಚ್ಚಿಯ ಕೊಚ್ಚಿನ್ ಬೇಕರಿ, ತಿರುವನಂತಪುರದ ಶಾಂತಾ ಬೇಕರಿ ಇದೇ ಕುಟುಂಬಕ್ಕೆ ಸೇರಿದವು. ಬೇಕರಿಯ ಒಲೆಗೆ ಮಲಯಾಳದಲ್ಲಿ ‘ಬೋರ್ಮ’ ಎಂದು ಹೆಸರು. ಸಣ್ಣ ಬೋರ್ಮದಲ್ಲಿ ರಾತ್ರಿ ಬೆಂದ ರೊಟ್ಟಿ ಮರುದಿನ ಸುತ್ತಮುತ್ತಲಿನ ಬೀದಿಗಳಲ್ಲೇ ಮಾರಾಟವಾಗಿ ಮುಗಿಯುವಂಥದು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಕ್ರಮವೂ ಹೆಚ್ಚುಕಡಿಮೆ ಇದೇ. ಅಂದಂದಿನ ಸರಕು ಅಂದಂದಿಗೇ ಖರ್ಚಾಗುವಲ್ಲಿ ಸಂರಕ್ಷಕ ದ್ರವ್ಯದ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಈ ಸ್ಥಿತಿಯನ್ನು ಬದಲಿಸಿದ್ದು ದೊಡ್ಡ ಕಾರ್ಖಾನೆ. ಕೇಂದ್ರ ಸರ್ಕಾರವು 1965ರಲ್ಲಿ ‘ಮಾಡರ್ನ್ ಬೇಕರೀಸ್’ ಎಂಬ ಉದ್ಯಮವನ್ನು ಸ್ಥಾಪಿಸಿ ದೇಶದ ಪ್ರಮುಖ ನಗರಗಳಲ್ಲಿ ಯಂತ್ರಚಾಲಿತ ಘಟಕಗಳನ್ನು ತೆರೆಯಿತು. ಕೊಚ್ಚಿಯ ಇಡಪ್ಪಳ್ಳಿಯಲ್ಲಿಯೂ ಅದರ ಘಟಕವಿತ್ತು. 2000ದ ಜನವರಿಯಲ್ಲಿ ಈ ಉದ್ಯಮದ ಬಹುಪಾಲು ಷೇರುಗಳು ಖಾಸಗಿಯವರಿಗೆ ಮಾರಾಟವಾದವು. ಒಂದೆಡೆ ತಯಾರಾದ ಬ್ರೆಡ್ಡು ಮೇಣಕಾಗದದಲ್ಲೋ ಪ್ಲಾಸ್ಟಿಕ್ಕಿನಲ್ಲೋ ಸುತ್ತಿ ದೂರದ ಊರುಗಳ ಅಂಗಡಿಗಳಿಗೆ ಹೋಗಿ ಕೊಳ್ಳುವವರಿಗಾಗಿ ಕಾಯಬೇಕಾದಾಗ, ಅದು ಎಷ್ಟು ದಿನ ಕೆಡದೆ ಉಳಿದೀತು ಎಂಬ ಲೆಕ್ಕ ಅನಿವಾರ್ಯವಾಯಿತು.

ಕೆಡುವ ಮೂರು ಬಗೆ

ಬ್ರೆಡ್ಡು ಕೆಟ್ಟಿತು ಎಂದು ನಾವು ಒಂದೇ ಮಾತಿನಲ್ಲಿ ಹೇಳಿದರೂ ಅದರಲ್ಲಿ ಮೂರು ಬೇರೆ ಬೇರೆ ಕ್ರಿಯೆಗಳು ಅಡಗಿವೆ. ಸಂರಕ್ಷಕ ದ್ರವ್ಯದ ಪ್ರಯೋಜನವನ್ನೂ ಅದರ ಮಿತಿಯನ್ನೂ ಅರಿಯಬೇಕಾದರೆ ಇವನ್ನು ಬೇರ್ಪಡಿಸಿ ನೋಡುವುದು ಅವಶ್ಯಕ.

ಮೊದಲನೆಯದು ಬೂಷ್ಟು. ಒಲೆಯಿಂದ ಹೊರಬರುವ ಬ್ರೆಡ್ಡಿನ ಮೇಲೆ ಬೂಷ್ಟಿನ ಬೀಜಾಣುಗಳಿರುವುದಿಲ್ಲ. ಶಾಖಕ್ಕೆ ಅವೆಲ್ಲ ಸತ್ತಿರುತ್ತವೆ. ಅವು ಸೇರಿಕೊಳ್ಳುವುದು ಆನಂತರ, ಅಂದರೆ ಬ್ರೆಡ್ಡು ಆರುವಾಗ, ಹೋಳು ಮಾಡುವಾಗ ಮತ್ತು ಪೊಟ್ಟಣ ಕಟ್ಟುವಾಗ. ಗಾಳಿಯಲ್ಲಿ ತೇಲುವ ಹಿಟ್ಟಿನ ಧೂಳು, ಕತ್ತರಿಸುವ ಅಲಗು, ಕೆಲಸಗಾರರ ಕೈ ಇವೇ ಅದರ ವಾಹನಗಳು. ಬ್ರೆಡ್ಡಿನ ತೂಕದಲ್ಲಿ ಶೇ. 35ರಿಂದ 40ರಷ್ಟು ನೀರಿರುವುದರಿಂದ ಬೀಜಾಣು ಮೊಳೆಯಲು ತಕ್ಕ ನೆಲ ಅಲ್ಲಿ ಸಿದ್ಧವಾಗಿಯೇ ಇರುತ್ತದೆ. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ., ತಿರುವನಂತಪುರದಲ್ಲಿ ಸುಮಾರು 1,800 ಮಿ.ಮೀ. ಮಳೆಯಾಗುತ್ತದೆ, ಎರಡೂ ನಗರಗಳಿಗೆ ನೈಋತ್ಯ ಮತ್ತು ಈಶಾನ್ಯ ಮಾರುತಗಳೆರಡರ ಮಳೆಯೂ ಉಂಟು. ಜೂನ್, ಜುಲೈ ತಿಂಗಳುಗಳಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಅನೇಕ ದಿನ ಶೇ. 85ನ್ನು ಮೀರುತ್ತದೆ. ಒಣಹವೆಯ ಊರಿನಲ್ಲಿ ನಾಲ್ಕು ದಿನ ಬಾಳುವ ಬ್ರೆಡ್ಡು ಇಂಥಲ್ಲಿ ಎರಡು ಮೂರು ದಿನಗಳಲ್ಲೇ ಹಸಿರು ಅಥವಾ ಕಪ್ಪು ಚುಕ್ಕೆಗಳನ್ನು ತೋರಿಸಬಹುದು. ಮಂಗಳೂರು, ಕಾಸರಗೋಡು, ಕಾರವಾರದ ಗೃಹಿಣಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಎರಡನೆಯದು ಅಷ್ಟಾಗಿ ಜನರ ಗಮನಕ್ಕೆ ಬಾರದ ‘ನೂಲು ರೋಗ’. ಮಣ್ಣಿನಿಂದ ಗೋಧಿಗೂ, ಗೋಧಿಯಿಂದ ಹಿಟ್ಟಿಗೂ ಬರುವ ಬ್ಯಾಸಿಲಸ್ ಎಂಬ ಏಕಾಣುಜೀವಿಯ ಬೀಜಾಣುಗಳು ಬಹು ಗಟ್ಟಿಯಾದವು. ಒಲೆಯ ಉಷ್ಣತೆ 200 ಡಿಗ್ರಿ ಸೆಲ್ಸಿಯಸ್ ಮೀರಿದ್ದರೂ ನೀರಿನಂಶದ ದೆಸೆಯಿಂದ ಬ್ರೆಡ್ಡಿನ ಒಡಲು 100 ಡಿಗ್ರಿಯನ್ನು ದಾಟುವುದಿಲ್ಲ. ಆದ್ದರಿಂದ ಈ ಬೀಜಾಣುಗಳು ಉಳಿದುಕೊಂಡು ಸೆಕೆಯ ದಿನಗಳಲ್ಲಿ ವೃದ್ಧಿಯಾಗುತ್ತವೆ. ಆಗ ಬ್ರೆಡ್ಡಿನ ಒಳಭಾಗ ಕಂದುಬಣ್ಣಕ್ಕೆ ತಿರುಗಿ, ಅತಿಯಾಗಿ ಮಾಗಿದ ಅನಾನಸಿನಂಥ ವಾಸನೆ ಬೀರುತ್ತದೆ. ಮುರಿದರೆ ಜೇಡರ ಬಲೆಯಂಥ ಎಳೆಗಳು ಏಳುತ್ತವೆ. ಹೊರಗೆ ಬೂಷ್ಟಿಲ್ಲವೆಂದು ಇಂಥ ಬ್ರೆಡ್ಡನ್ನು ತಿನ್ನುವಂತಿಲ್ಲ.

ಮೂರನೆಯದು ತಂಗಳಾಗುವುದು. ಇಲ್ಲಿ ಯಾವ ಜೀವಿಯ ಕೈವಾಡವೂ ಇಲ್ಲ. ಬೇಯುವಾಗ ನೀರು ಹೀರಿ ಉಬ್ಬಿದ ಪಿಷ್ಟವು ಆರಿದ ಮೇಲೆ ಮೆಲ್ಲನೆ ಮರಳಿ ಹರಳುಗಟ್ಟುತ್ತದೆ. ಬ್ರೆಡ್ಡು ಬಿರುಸಾಗಿ ಪುಡಿಪುಡಿಯಾಗುತ್ತದೆ. ತಣ್ಣಗಾದ ಅನ್ನ ಗಟ್ಟಿಯಾಗುವುದೂ ಇದೇ ಕಾರಣದಿಂದ. ಇದು ರುಚಿಯ ದೋಷವೇ ಹೊರತು ಆರೋಗ್ಯದ ದೋಷವಲ್ಲ.

ಸಂರಕ್ಷಕದ ಕೆಲಸ

ಬ್ರೆಡ್ಡಿಗೆ ಸಾಮಾನ್ಯವಾಗಿ ಬೆರೆಸುವ ಸಂರಕ್ಷಕ ಕ್ಯಾಲ್ಸಿಯಂ ಪ್ರೊಪಿಯೊನೇಟ್. ಪ್ರೊಪಿಯಾನಿಕ್ ಆಮ್ಲದ ಲವಣವಾದ ಇದು 1930ರ ದಶಕದಿಂದ ಬಳಕೆಯಲ್ಲಿದೆ. ಬೂಷ್ಟನ್ನೂ ನೂಲು ರೋಗದ ಏಕಾಣುಜೀವಿಯನ್ನೂ ಇದು ತಡೆಹಿಡಿಯುತ್ತದೆ. ಹಿಟ್ಟನ್ನು ಉಬ್ಬಿಸುವ ಈಸ್ಟಿನ ತಂಟೆಗೆ ಮಾತ್ರ ಅಷ್ಟಾಗಿ ಹೋಗುವುದಿಲ್ಲ. ಬ್ರೆಡ್ಡಿಗೆ ಇದನ್ನೇ ಆರಿಸಿಕೊಂಡದ್ದರ ಕಾರಣ ಇದೇ. ಸಾರ್ಬಿಕ್ ಆಮ್ಲವು ಬೂಷ್ಟಿನ ವಿರುದ್ಧ ಇನ್ನೂ ಸಮರ್ಥವಾದುದಾದರೂ ಈಸ್ಟನ್ನೂ ಕುಗ್ಗಿಸಿಬಿಡುತ್ತದೆ. ಈಸ್ಟಿಲ್ಲದ ಪದಾರ್ಥಗಳಿಗೆ ಅದು ಸರಿಹೋಗುತ್ತದೆ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಗಡಿಯ ಸೈನಿಕರಿಗಾಗಿ ತಿಂಗಳುಗಟ್ಟಲೆ ಕೆಡದ ಚಪಾತಿಯನ್ನು ರೂಪಿಸಿದಾಗ ಬಳಸಿಕೊಂಡದ್ದು ಈ ಸಾರ್ಬಿಕ್ ಆಮ್ಲವನ್ನೇ.

ಪ್ರೊಪಿಯೊನೇಟ್ ಬೂಷ್ಟನ್ನು ಕೊಲ್ಲುವುದಿಲ್ಲ, ಅದರ ಬೆಳವಣಿಗೆಯನ್ನು ಮುಂದೂಡುತ್ತದೆ ಅಷ್ಟೇ. ಬೀಜಾಣುಗಳು ಮಿತವಾಗಿದ್ದರೆ ಎರಡು ಮೂರು ದಿನಗಳ ಹೆಚ್ಚಿನ ಕಾಲಾವಕಾಶ ದೊರೆಯುತ್ತದೆ. ಬೇಕರಿಯ ಗೋಡೆಯಲ್ಲೇ ಬೂಷ್ಟಿದ್ದು, ಬ್ರೆಡ್ಡು ಆರುವ ಮೊದಲೇ ಬಿಸಿಯಾಗಿ ಪೊಟ್ಟಣ ಸೇರಿ, ಒಳಗೆ ಹಬೆ ಹನಿಗಟ್ಟಿದರೆ ಎಷ್ಟು ಪ್ರೊಪಿಯೊನೇಟ್ ಸುರಿದರೂ ಫಲವಿಲ್ಲ. ತಂಗಳಾಗುವುದನ್ನಂತೂ ಅದು ತಡೆಯುವುದೇ ಇಲ್ಲ. ಬಹಳ ದಿನ ಮೆತ್ತಗಿರುವ ಬ್ರೆಡ್ಡಿನಲ್ಲಿ ಕೆಲಸ ಮಾಡುವುದು ಕಿಣ್ವಗಳು, ಕೊಬ್ಬು ಮತ್ತು ಎಮಲ್ಸೀಕಾರಕಗಳು. ಮೆತ್ತಗಿರುವುದನ್ನೇ ತಾಜಾತನದ ಗುರುತೆಂದು ಬೆರಳಿನಿಂದ ಒತ್ತಿ ನೋಡುವ ವಾಡಿಕೆ ಆದಕಾರಣ ನಂಬತಕ್ಕದ್ದಲ್ಲ.

ಪ್ರಮಾಣದ ಮಾತು. ಬೇಕರಿಗಳಲ್ಲಿ 100 ಕಿಲೋ ಹಿಟ್ಟಿಗೆ ಸಾಮಾನ್ಯವಾಗಿ 200ರಿಂದ 300 ಗ್ರಾಂ ಪ್ರೊಪಿಯೊನೇಟ್ ಹಾಕುತ್ತಾರೆ. 400 ಗ್ರಾಂ ತೂಕದ ಒಂದು ಬ್ರೆಡ್ಡಿನಲ್ಲಿ ಸುಮಾರು 250 ಗ್ರಾಂ ಹಿಟ್ಟಿರುವುದೆಂದು ಹಿಡಿದರೆ ಇದು ಅರ್ಧ ಗ್ರಾಮಿನಿಂದ ಮುಕ್ಕಾಲು ಗ್ರಾಂ ಆಗುತ್ತದೆ. ಭಾರತದ 2011ರ ನಿಯಮಾವಳಿಯ ಪಟ್ಟಿಯಲ್ಲಿ ಬ್ರೆಡ್ಡಿಗೆ ಗೊತ್ತುಪಡಿಸಿದ ಗರಿಷ್ಠ ಮಿತಿ ಪ್ರತಿ ದಶಲಕ್ಷ ಭಾಗಕ್ಕೆ 5,000 ಭಾಗ. ಹೆಚ್ಚು ಹಾಕಿದರೆ ಬ್ರೆಡ್ಡಿಗೆ ಕಟುವಾದ ವಾಸನೆ ಬಂದು ಹಿಟ್ಟು ಉಬ್ಬುವುದೂ ಮಂದವಾಗುವುದರಿಂದ ತಯಾರಕನ ಸ್ವಾರ್ಥವೇ ಇಲ್ಲಿ ಒಂದು ಕಡಿವಾಣ.

ದೇಹಕ್ಕೆ ಇದರಿಂದ ಕೇಡುಂಟೇ? ಪ್ರೊಪಿಯಾನಿಕ್ ಆಮ್ಲ ನಮಗೆ ಹೊರಗಿನದಲ್ಲ. ನಾರಿನಂಶವನ್ನು ಜೀರ್ಣಿಸುವ ಏಕಾಣುಜೀವಿಗಳು ದೊಡ್ಡ ಕರುಳಿನಲ್ಲಿ ಅದನ್ನು ಸದಾ ಉತ್ಪಾದಿಸುತ್ತಿರುತ್ತವೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2014ರಲ್ಲಿ ಮರುಪರಿಶೀಲನೆ ನಡೆಸಿ, ಬಳಕೆಯಲ್ಲಿರುವ ಪ್ರಮಾಣದಲ್ಲಿ ಇದರಿಂದ ಆತಂಕವಿಲ್ಲವೆಂದಿತು. 2019ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳ ಮೇಲೆಯೂ 14 ಮಂದಿ ಆರೋಗ್ಯವಂತರ ಮೇಲೆಯೂ ನಡೆಸಿದ ಪ್ರಯೋಗದಲ್ಲಿ, ಊಟದೊಡನೆ ಒಂದು ಗ್ರಾಂ ಸೇವಿಸಿದವರ ರಕ್ತದಲ್ಲಿ ಸಕ್ಕರೆಯ ನಿಯಂತ್ರಣಕ್ಕೆ ಸಂಬಂಧಿಸಿದ ಕೆಲವು ಹಾರ್ಮೋನುಗಳು ಏರಿದುದನ್ನು ಕಂಡರು. ಹದಿನಾಲ್ಕು ಮಂದಿಯ ಪ್ರಯೋಗದಿಂದ ತೀರ್ಪು ಕೊಡಲಾಗದು. ಆದರೆ ಅದನ್ನು ತಳ್ಳಿಹಾಕುವುದೂ ವಿವೇಕವಲ್ಲ. ಇನ್ನೊಂದೆಡೆ, ಬೂಷ್ಟಿನ ಅಪಾಯ ಊಹೆಯ ಮಾತಲ್ಲ. ಆಸ್ಪರ್ಜಿಲಸ್ ಜಾತಿಯ ಕೆಲವು ಬೂಷ್ಟುಗಳು ಯಕೃತ್ತಿಗೆ ಮಾರಕವಾದ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸಬಲ್ಲವು. ಸಂರಕ್ಷಕವಿಲ್ಲದೆ ಬೂಷ್ಟು ಹಿಡಿದ ಬ್ರೆಡ್ಡಿಗಿಂತ ಮಿತವಾದ ಸಂರಕ್ಷಕವಿರುವ ಬ್ರೆಡ್ಡು ಲೇಸು.

ಸಂರಕ್ಷಕವಲ್ಲದ ಒಂದು ವಸ್ತುವಿನಿಂದ ಸಂರಕ್ಷಕಗಳಿಗೆ ಕೆಟ್ಟ ಹೆಸರು ಬಂದುದನ್ನೂ ಇಲ್ಲಿ ಹೇಳಬೇಕು. ಮೈದಾಹಿಟ್ಟಿನ ಬಿಗುವನ್ನು ಹೆಚ್ಚಿಸಲು ಬೆರೆಸುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1999ರಲ್ಲಿ ‘ಮಾನವರಲ್ಲಿ ಕ್ಯಾನ್ಸರ್ ತರಬಹುದಾದ’ ವಸ್ತುಗಳ ಗುಂಪಿಗೆ ಸೇರಿಸಿತು. 2016ರ ಮೇ ತಿಂಗಳಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಅಲ್ಲಿಯ ಬ್ರೆಡ್ಡುಗಳ ಪರೀಕ್ಷಾ ವರದಿಯನ್ನು ಪ್ರಕಟಿಸಿದ ಮರುತಿಂಗಳೇ ಭಾರತದಲ್ಲಿ ಅದರ ಬಳಕೆಯನ್ನು ನಿಷೇಧಿಸಲಾಯಿತು. ಅದು ಬ್ರೆಡ್ಡಿನ ಬಾಳಿಕೆಗೆಂದು ಹಾಕುತ್ತಿದ್ದ ವಸ್ತುವಲ್ಲ.

ಅಕ್ಷರ ತಿಳಿಯದಿದ್ದರೂ ಅಂಕಿ ತಿಳಿಯುತ್ತದೆ

ಪೊಟ್ಟಣದ ಮೇಲಿನ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕೆಂದು ನಿಯಮ. ಪ್ರಾದೇಶಿಕ ಭಾಷೆ ತಯಾರಕನ ಇಚ್ಛೆಗೆ ಬಿಟ್ಟದ್ದು. ಕನ್ನಡ ಮಾತ್ರ ಬಲ್ಲ ಗ್ರಾಹಕನಿಗೆ, ಅದರಲ್ಲೂ ಮಲಯಾಳ ಬರಹದ ನಡುವೆ ಬದುಕುವ ಕಾಸರಗೋಡು, ಮಂಜೇಶ್ವರದ ಕನ್ನಡಿಗನಿಗೆ, ಇದು ಸಣ್ಣ ತೊಡಕಲ್ಲ. ಆದರೆ ಸೇರ್ಪಡೆ ವಸ್ತುಗಳಿಗೆ ಐ.ಎನ್.ಎಸ್. ಎಂಬ ಅಂತರರಾಷ್ಟ್ರೀಯ ಸಂಖ್ಯೆಯುಂಟು. 282 ಎಂದಿದ್ದರೆ ಕ್ಯಾಲ್ಸಿಯಂ ಪ್ರೊಪಿಯೊನೇಟ್, 281 ಎಂದರೆ ಸೋಡಿಯಂ ಪ್ರೊಪಿಯೊನೇಟ್, 200 ಸಾರ್ಬಿಕ್ ಆಮ್ಲ, 202 ಪೊಟ್ಯಾಸಿಯಂ ಸಾರ್ಬೇಟ್, 260 ವಿನೆಗರಿನ ಸತ್ವವಾದ ಅಸಿಟಿಕ್ ಆಮ್ಲ. ಪೊಟ್ಟಣಗಳ ಮೇಲೆ ಕಾಣುವ ‘ಎರಡನೆಯ ವರ್ಗದ ಸಂರಕ್ಷಕ’ ಎಂಬುದು ಕಳಪೆಯ ಸೂಚನೆಯಲ್ಲ. ಉಪ್ಪು, ಸಕ್ಕರೆ, ಎಣ್ಣೆ, ವಿನೆಗರ್, ಮಸಾಲೆ ಮೊದಲಾದ ಅಡುಗೆಮನೆಯ ಸಂರಕ್ಷಕಗಳನ್ನು ಕಾನೂನು ಒಂದನೆಯ ವರ್ಗವೆಂದೂ, ಮಿತಿ ನಿಗದಿಪಡಿಸಿದ ರಾಸಾಯನಿಕಗಳನ್ನು ಎರಡನೆಯ ವರ್ಗವೆಂದೂ ಕರೆಯುತ್ತದೆ. ‘ಸಂರಕ್ಷಕರಹಿತ’ ಎಂದು ಬರೆದಿರುವ ಕೆಲವು ಬ್ರೆಡ್ಡುಗಳಲ್ಲಿ ಹುದುಗಿಸಿದ ಗೋಧಿಹಿಟ್ಟಿನ ರೂಪದಲ್ಲಿ ಇದೇ ಪ್ರೊಪಿಯಾನಿಕ್ ಆಮ್ಲ ಸೇರಿರುವುದುಂಟು.

2020ರ ಲೇಬಲ್ ನಿಯಮಾವಳಿಯ ಪ್ರಕಾರ ತಯಾರಿಸಿದ ಅಥವಾ ಕಟ್ಟಿದ ದಿನಾಂಕದೊಡನೆ, ಬಳಕೆಯ ಅವಧಿ ಮುಗಿಯುವ ದಿನಾಂಕವನ್ನೂ ನಮೂದಿಸುವುದು ಕಡ್ಡಾಯ. ಈ ಅವಧಿ ಒಡೆಯದ ಪೊಟ್ಟಣಕ್ಕೆ ಅನ್ವಯಿಸುತ್ತದೆ. ಒಮ್ಮೆ ಬಿಚ್ಚಿ ಒದ್ದೆ ಕೈ ಹಾಕಿದ ಮೇಲೆ ಆ ದಿನಾಂಕಕ್ಕೆ ಅರ್ಥವಿಲ್ಲ.

ಮನೆಯಲ್ಲಿ

ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟರೆ ಬೂಷ್ಟು ನಿಧಾನವಾಗುತ್ತದೆ, ಆದರೆ ತಂಗಳಾಗುವ ಕ್ರಿಯೆ ಆ ತಂಪಿನಲ್ಲೇ ಅತ್ಯಂತ ವೇಗವಾಗಿ ನಡೆಯುತ್ತದೆ. ಎರಡು ದಿನದಲ್ಲಿ ಮುಗಿಯುವುದಾದರೆ ಹೊರಗೆ ಒಣಜಾಗದಲ್ಲಿಡುವುದು ಮೇಲು. ಕರಾವಳಿಯ ಮಳೆಗಾಲದಲ್ಲಿ ಮಾತ್ರ ಬಿರುಸಾದರೂ ಚಿಂತೆಯಿಲ್ಲವೆಂದು ಫ್ರಿಜ್ಜಿನಲ್ಲಿಟ್ಟು, ಬಳಸುವ ಮುನ್ನ ಕಾವಲಿಯ ಮೇಲೆ ಬಿಸಿಮಾಡಿಕೊಳ್ಳಬೇಕು. ಬಿಸಿ ತಾಗಿದೊಡನೆ ಪಿಷ್ಟ ಸಡಿಲಗೊಂಡು ಬ್ರೆಡ್ಡು ಮತ್ತೆ ಮೃದುವಾಗುತ್ತದೆ. ಒಂದು ಹೋಳಿನಲ್ಲಿ ಬೂಷ್ಟು ಕಂಡರೆ ಆ ಭಾಗವನ್ನಷ್ಟೇ ಚಿವುಟಿ ಉಳಿದುದನ್ನು ಮಕ್ಕಳಿಗೆ ಕೊಡುವುದು ಸರಿಯಲ್ಲ. ಮೆತ್ತನೆಯ ಬ್ರೆಡ್ಡಿನೊಳಗೆ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದೆ ಹರಡಿರುತ್ತವೆ. ಸುಟ್ಟರೂ ಅದರ ವಿಷ ಹೋಗುವುದಿಲ್ಲ. ಇಡೀ ಪೊಟ್ಟಣವನ್ನು ಬಿಸಾಡಬೇಕು. ದನಕರುಗಳಿಗೆ ಹಾಕುವುದೂ ತಪ್ಪು. ತಾಜಾ ಬ್ರೆಡ್ಡು ಮಿಕ್ಕರೆ ಕೆಡುವ ಮೊದಲೇ ಒಣಗಿಸಿ ರಸ್ಕು ಮಾಡಿಕೊಳ್ಳುವ ಹಳೆಯ ಪದ್ಧತಿ ಉತ್ತಮ. ನೀರು ಆರಿಹೋದ ರಸ್ಕಿನಲ್ಲಿ ಬೂಷ್ಟು ಬೆಳೆಯಲಾರದು, ಅದಕ್ಕೆ ಯಾವ ರಾಸಾಯನಿಕವೂ ಬೇಡ.

ಕೊಂಡ ಬ್ರೆಡ್ಡಿನ ಬಗ್ಗೆ ಸಂದೇಹವುಂಟಾದರೆ ಗ್ರಾಹಕನು ಸುಮ್ಮನಿರಬೇಕಾಗಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ 40ನೆಯ ಪ್ರಕರಣದಂತೆ, ಖರೀದಿಯ ಸಮಯದಲ್ಲಿ ಮಾರಾಟಗಾರನಿಗೆ ತಿಳಿಸಿ, ನಿಗದಿತ ಶುಲ್ಕ ತೆತ್ತು, ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕು ಆತನಿಗಿದೆ. ದೋಷ ಸಾಬೀತಾದರೆ ಶುಲ್ಕ ಹಿಂದಿರುಗುತ್ತದೆ. ಕೇರಳದಲ್ಲಿ ಇಂಥ ಪರೀಕ್ಷೆಗೆ ತಿರುವನಂತಪುರದ ಸರ್ಕಾರಿ ವಿಶ್ಲೇಷಕರ ಪ್ರಯೋಗಾಲಯವಲ್ಲದೆ ಎರ್ನಾಕುಳಂ ಮತ್ತು ಕೋಯಿಕ್ಕೋಡಿನಲ್ಲಿ ಪ್ರಾದೇಶಿಕ ಪ್ರಯೋಗಾಲಯಗಳಿವೆ. ವರದಿ ನೀಡಲು ವಿಶ್ಲೇಷಕರಿಗೆ ಇರುವ ಅವಧಿ 14 ದಿನ. ಅಷ್ಟರಲ್ಲಿ ಬ್ರೆಡ್ಡಿನ ಬಾಳಿಕೆಯ ಅವಧಿ ಮುಗಿದಿರುತ್ತದೆಯಾದ್ದರಿಂದ, ದೂರು ಕೊಡುವವರು ಪೊಟ್ಟಣದ ಹೊದಿಕೆಯನ್ನೂ ಅಂಗಡಿಯ ರಸೀದಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು.