ಕೂಲರ್ ಕೊಳ್ಳುವ ಮುನ್ನ

ಮಗಳೇ, ಸದ್ಯಕ್ಕೆ ಏನನ್ನೂ ಕೊಳ್ಳಬೇಡ. ಹೊಸ ಪ್ರೊಸೆಸರ್, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಬೆಂಕಿಯಾಗುತ್ತಿದೆ, ಯಾವ ವಾಟರ್ ಕೂಲರ್ ತಗೊಳ್ಳಲಿ ದೊಡ್ಡಪ್ಪ ಎಂದು ಕೇಳಿದ್ದೀ. ರಿಪೇರಿ ಅಂಗಡಿಯಲ್ಲಿ ಕೂದಲು ನರೆಸಿಕೊಂಡವನ ಮಾತು ಇಷ್ಟು: ಮೊನ್ನೆಯವರೆಗೆ ನೆಟ್ಟಗಿದ್ದ ಯಂತ್ರ ಇವತ್ತು ಕೈಕೊಟ್ಟರೆ, ನಡುವೆ ನಿನ್ನ ಕೈ ಎಲ್ಲೆಲ್ಲಿ ಆಡಿತ್ತೋ ಅಲ್ಲಿಂದಲೇ ಹುಡುಕುತ್ತ ಬಾ. ಯಂತ್ರದ ಮೇಲಾಗಲಿ, ಮಾರಿದವನ ಮೇಲಾಗಲಿ ಅನುಮಾನ ಆಮೇಲೆ.

ಮೊದಲು ಲೆಕ್ಕ ಹಾಕೋಣ. ನಿನ್ನ ಹಳೆಯ ರೈಜನ್ 5 3600 ಪೂರ್ತಿ ದುಡಿಯುವಾಗ ಎಳೆದುಕೊಳ್ಳಬಹುದಾಗಿದ್ದ ವಿದ್ಯುತ್ತಿನ ಮಿತಿ 88 ವ್ಯಾಟ್. ಈಗ ತಂದಿರುವ ರೈಜನ್ 7 5800ಎಕ್ಸ್‌ನದು 142 ವ್ಯಾಟ್. ಕಂಪನಿ ಹೇಳುವ 65, 105 ಎಂಬ ಅಂಕಿಗಳನ್ನು ನೋಡಿ ಮೋಸಹೋಗಬೇಡ. ರೆಂಡರ್ ಮಾಡುವಾಗ ಅದು ಮುಟ್ಟುವ ಅಂಕಿ ನಾನು ಹೇಳಿದ್ದು. ಹಳೆಯ ಜಿಟಿಎಕ್ಸ್ 1650 ಕಾರ್ಡು 75 ವ್ಯಾಟಿನದು, ಹೊಸ ಆರ್‌ಟಿಎಕ್ಸ್ 3060 ಕಾರ್ಡು 170ರದು. ಕೂಡಿಸಿ ನೋಡು: 163 ಇದ್ದದ್ದು 312 ಆಯಿತು. ಒಳಗೆ ಹೋದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು. ಆದರೆ ಕ್ಯಾಬಿನೆಟ್ ಅದೇ, ಹಿಂಭಾಗದ ಒಂಟಿ ಫ್ಯಾನ್ ಅದೇ. ಕಿಟಕಿ ಇಲ್ಲದ ಅಡುಗೆಮನೆಯಲ್ಲಿ ಇನ್ನೊಂದು ಒಲೆ ಹೊತ್ತಿಸಿದ ಹಾಗಾಯಿತು.

ಪ್ರೊಸೆಸರ್ ಮೇಲೆ ಕೂತಿರುವ ಗಿಡ್ಡ ಕೂಲರ್ ಕೂಡ ಹಳೆಯದೇ. 3600ರ ಡಬ್ಬದಲ್ಲಿ ಬಂದ ಆ ವ್ರೈತ್ ಸ್ಟೆಲ್ತ್ ಇರುವುದೇ 65 ವ್ಯಾಟ್ ವರ್ಗದ ಚಿಪ್ಪುಗಳಿಗೆ. 5800ಎಕ್ಸ್ ಡಬ್ಬದಲ್ಲಿ ಎಎಂಡಿ ಕೂಲರನ್ನೇ ಇಟ್ಟಿಲ್ಲ, ಗಮನಿಸಿದೆಯಾ? ಸಾಕೆಟ್ ಎರಡಕ್ಕೂ ಎಎಂ4 ಆದ್ದರಿಂದ ಹಳೆಯದು ಕೂರುವುದೇನೋ ಕೂರುತ್ತದೆ. ಬಿಸಿ ಎಳೆಯುವ ತಾಕತ್ತು ಬೇರೆ ಮಾತು.

ಹಾಗಾದರೆ ಕೂಲರ್ ತಂದುಬಿಡಲಾ ಎನ್ನುತ್ತೀ. ತಡಿ. ದೊಡ್ಡ ಕೂಲರ್ ತಂದ ಮೇಲೂ ತಾಪ ಇಳಿಯದೆ ಮತ್ತೆ ನನಗೇ ಫೋನ್ ಮಾಡಿದವರಿದ್ದಾರೆ. ಮೊದಲು ಅಳೆ. ಎಚ್‌ಡಬ್ಲ್ಯೂಇನ್ಫೊ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದನ್ನು ತೆರೆದಿಟ್ಟು, ಬ್ಲೆಂಡರ್‌ನಲ್ಲಿ ಒಂದೇ ಫೈಲನ್ನು ಹದಿನೈದು ನಿಮಿಷ ಪ್ರೊಸೆಸರಿನಲ್ಲಿ ರೆಂಡರ್ ಮಾಡಿಸು. ಪ್ರೊಸೆಸರ್ ತಾಪ, ಅದರ ವೇಗ, ಕಾರ್ಡಿನ ತಾಪ, ಫ್ಯಾನ್ ಎಷ್ಟು ಸುತ್ತುತ್ತಿದೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆ. ಪಕ್ಕದಲ್ಲಿ ಕೋಣೆಯ ತಾಪವನ್ನೂ ಬರೆ. ಇದನ್ನೇ ಎಲ್ಲರೂ ಮರೆಯುವುದು. ರಾಯಚೂರಿನ ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ಕೋಣೆ ಹತ್ತು ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಹತ್ತು ಏರುತ್ತದೆ. ಬೆಂಗಳೂರಿನ ಗೆಳತಿಯ ಕಂಪ್ಯೂಟರ್ 70ರಲ್ಲೇ ಇದೆಯಲ್ಲ ಎಂದು ಕೊರಗಿದರೆ ಉಪಯೋಗವಿಲ್ಲ.

5800ಎಕ್ಸ್‌ನ ಗಡಿ 90 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಅದು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ನಮ್ಮ ಕಾಲದ ಎಲ್ಲ ಚಿಪ್ಪುಗಳಿಗೂ ಈ ಬುದ್ಧಿ ಇರಲಿಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ಓಡುತ್ತಿರುವ ಯಂತ್ರದ ಹೀಟ್‌ಸಿಂಕನ್ನೇ ಕಿತ್ತು ವಿಡಿಯೊ ಮಾಡಿದ್ದರು. ಅಥ್ಲಾನ್ ಕ್ಷಣದಲ್ಲಿ ಸುಟ್ಟು ಹೊಗೆಯಾಯಿತು, ಪೆಂಟಿಯಂ 4 ಕುಂಟುತ್ತ ಓಡಿತು. ಅದನ್ನು ನೋಡಿ ನಾವೆಲ್ಲ ಕೆಲವು ದಿನ ಅಥ್ಲಾನ್ ಮುಟ್ಟಲೂ ಹೆದರಿದ್ದೆವು. ಈಗ ಹೊಗೆ ಬರುವುದಿಲ್ಲ, ಕೆಲಸ ನಿಧಾನವಾಗುತ್ತದೆ ಅಷ್ಟೆ. ಹಾಗಾಗಿ ತಾಪದ ಜೊತೆ ವೇಗದ ಅಂಕಿಯನ್ನೂ ನೋಡು ಎಂದದ್ದು. ಇನ್ನೊಂದು ಮಾತು: ಎಂಟು ಕೋರ್‌ಗಳು ಸುಮಾರು 80 ಚದರ ಮಿಲಿಮೀಟರ್ ಜಾಗದಲ್ಲಿ ಕಿಕ್ಕಿರಿದಿರುವ ಚಿಪ್ಪದು. ಒಳ್ಳೆಯ ಕೂಲರ್ ಇದ್ದರೂ ಪೂರ್ತಿ ದುಡಿತದಲ್ಲಿ 80ರ ಮೇಲೆ ಹೋದರೆ ಗಾಬರಿಯಾಗಬೇಡ. ಸುಮ್ಮನೆ ಕೂತಾಗ 40ಕ್ಕೂ 60ಕ್ಕೂ ನಡುವೆ ಜಿಗಿದಾಡುವುದೂ ರೈಜನ್‌ನ ಸ್ವಭಾವ.

ತಾಪ ಎಷ್ಟಿದೆ ಎನ್ನುವುದಕ್ಕಿಂತ ಹೇಗೆ ಏರಿತು ಎನ್ನುವುದನ್ನು ನೋಡು. ರೆಂಡರ್ ಒತ್ತಿದ ನಾಲ್ಕೈದು ಸೆಕೆಂಡಿನಲ್ಲೇ 90ಕ್ಕೆ ಹಾರಿದರೆ ತೊಂದರೆ ಚಿಪ್ಪು ಮತ್ತು ಕೂಲರ್ ನಡುವೆ ಇದೆ: ಒಂದೋ ಸರಿಯಾಗಿ ಕೂತಿಲ್ಲ, ಇಲ್ಲವೇ ಕೂಲರಿನ ಕೈಲಾಗುತ್ತಿಲ್ಲ. ಮೊದಲು 75ಕ್ಕೆ ನಿಂತು, ಹತ್ತು ನಿಮಿಷದಲ್ಲಿ ನಿಧಾನವಾಗಿ ಮೇಲೇರಿದರೆ ಕ್ಯಾಬಿನೆಟ್ಟಿನೊಳಗಿನ ಗಾಳಿ ಕಾದಿದೆ. ಖಾತ್ರಿಯಾಗಬೇಕೆಂದರೆ ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಅದೇ ರೆಂಡರನ್ನು ಮತ್ತೆ ಓಡಿಸು. ಹತ್ತು ಡಿಗ್ರಿ ಇಳಿಯಿತೋ, ಗಾಳಿಯ ದಾರಿ ಕಟ್ಟಿದೆ ಎಂದರ್ಥ. ಅಲುಗಲಿಲ್ಲವೋ, ಕೂಲರ್ ಬಿಚ್ಚಿ ನೋಡಬೇಕು. ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಚ್ಚುವುದು ಪರೀಕ್ಷೆಗೆ ಸರಿ. ಅದನ್ನೇ ಖಾಯಂ ಮಾಡಿದರೆ ನಮ್ಮ ಊರಿನ ಧೂಳು ತಿಂಗಳೊಳಗೆ ರೆಕ್ಕೆಗಳನ್ನೆಲ್ಲ ಮುಚ್ಚುತ್ತದೆ.

ಕೂಲರ್ ಬಿಚ್ಚುವಾಗ ಅವಸರ ಮಾಡಬೇಡ. ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಎತ್ತು. ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಅದರ ಬುಡಕ್ಕೇ ಅಂಟಿ ಬಂದುಬಿಡುತ್ತದೆ. ಕೆಳಗೆ 1331 ಪಿನ್ನುಗಳಿವೆ, ಒಂದು ಬಾಗಿದರೂ ಸಂಕಟ. ಬಿಚ್ಚಿದ ಮೇಲೆ ಪೇಸ್ಟಿನ ಗುರುತು ನೋಡು. ಒಂದು ಮೂಲೆಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು ಇದ್ದರೆ ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಗಿದಿದ್ದೀ ಎಂದು ಲೆಕ್ಕ. ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಪ್ರೊಸೆಸರ್ ಬದಲಿಸುವಾಗ ಹಳೆಯ ಪೇಸ್ಟ್ ಮೇಲೆಯೇ ಕೂಲರ್ ಕೂರಿಸಿದ್ದೆಯಾ? ನನ್ನ ಅನುಮಾನ ಅದರ ಮೇಲೇ ಜಾಸ್ತಿ. ಐಸೊಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಬಟ್ಟೆಯಿಂದ ಎರಡೂ ಕಡೆ ಒರೆಸಿ, ಕಡಲೆಕಾಳಿಗಿಂತ ಸಣ್ಣ ಹನಿ ಹೊಸ ಪೇಸ್ಟನ್ನು ನಡುವೆ ಇಡು. ಬೆರಳಲ್ಲಿ ಸವರಬೇಡ, ಒತ್ತಡಕ್ಕೆ ತಾನೇ ಹರಡಿಕೊಳ್ಳುತ್ತದೆ. ಫ್ಯಾನಿನ ವೈರು ಬೋರ್ಡಿನಲ್ಲಿ ಸಿಪಿಯು ಫ್ಯಾನ್ ಎಂದು ಬರೆದ ಪಿನ್ನುಗಳಿಗೇ ಹೋಗಬೇಕು.

ಗಾಳಿಯ ವಿಷಯ ಸುಲಭ. ಮುಂದೆ ಗಾಜಿನ ಕ್ಯಾಬಿನೆಟ್ ನೋಡಲು ಚೆಂದ, ಉಸಿರಾಡಲು ಅಲ್ಲ. ಮುಂದೆ ಒಳಕ್ಕೆ ಎಳೆಯುವ 120 ಮಿಲಿಮೀಟರ್ ಫ್ಯಾನ್ ಒಂದೆರಡು ಇರಲಿ, ಹಿಂದಿನದು ಹೊರಕ್ಕೆ ದೂಡಲಿ. ಮೋಟಾರನ್ನು ಹಿಡಿದಿರುವ ಅಡ್ಡಕಡ್ಡಿಗಳು ಯಾವ ಬದಿಗಿವೆಯೋ ಆ ಬದಿಯಿಂದ ಗಾಳಿ ಹೊರಬರುತ್ತದೆ. ಗೊತ್ತಾಗದಿದ್ದರೆ ಊದುಬತ್ತಿ ಹಿಡಿದು ಹೊಗೆ ಎತ್ತ ಹೋಗುತ್ತದೆ ನೋಡು. ಅಂದಹಾಗೆ, ನಿಮ್ಮ ಮನೆಯ ಕಂಪ್ಯೂಟರ್ ಟೇಬಲ್ಲಿನ ಆ ಕಪಾಟಿನಂಥ ಖಾನೆಯಿಂದ ಕ್ಯಾಬಿನೆಟ್ಟನ್ನು ಇವತ್ತೇ ಹೊರಗೆ ತೆಗೆ. ಅಮ್ಮ ಹೊದಿಸುವ ಹೂವಿನ ಬಟ್ಟೆಯ ಕವರನ್ನು ಆಫ್ ಮಾಡಿದ ಮೇಲೆ ಹೊದಿಸಲಿ.

ಕಾಸಿಲ್ಲದೆ ಈ ರಾತ್ರಿಯೇ ಮಾಡಬಹುದಾದದ್ದೂ ಒಂದಿದೆ. ಬಯೋಸ್‌ನಲ್ಲಿ ಇಕೊ ಮೋಡ್ ಇದ್ದರೆ 65 ವ್ಯಾಟಿಗೆ ಇಡು. ಇಲ್ಲದಿದ್ದರೆ ಅಲ್ಲಿನ ವಿದ್ಯುತ್ ಮಿತಿಗಳ ಖಾನೆಗಳಲ್ಲಿ ಪಿಪಿಟಿ 88, ಟಿಡಿಸಿ 60, ಇಡಿಸಿ 90 ಎಂದು ಕೈಯಾರೆ ತುಂಬು. ರೆಂಡರ್ ಸ್ವಲ್ಪ ತಡವಾದೀತು, ಆದರೆ ವಿದ್ಯುತ್ ಇಳಿದಷ್ಟು ವೇಗ ಇಳಿಯುವುದಿಲ್ಲ. ಆ ಗಿಡ್ಡ ಕೂಲರಿನಿಂದಲೇ ಪರೀಕ್ಷೆ ಮುಗಿಯುವವರೆಗೆ ಕೆಲಸ ಸಾಗುತ್ತದೆ. ಹಳ್ಳಿಗಾಡಿನ ಬೇಸಿಗೆಯಲ್ಲಿ ದುಡಿಯುವ ಕಂಪ್ಯೂಟರಿಗೆ ಇದನ್ನು ನಾನು ವರ್ಷಪೂರ್ತಿ ಇಡಿಸುತ್ತೇನೆ, ಒಳ್ಳೆಯ ಕೂಲರ್ ಇದ್ದರೂ ಸಹ.

ತಾಪ 70ರಲ್ಲಿದ್ದಾಗಲೇ ಫಕ್ಕನೆ ಆಫ್ ಆದರೆ ಬಿಸಿಯನ್ನು ದೂರಬೇಡ. ಕ್ಯಾಬಿನೆಟ್ ಜೊತೆ ಬಂದ ಹೆಸರಿಲ್ಲದ ಎಸ್‌ಎಂಪಿಎಸ್ ಮೇಲೆ ಕಣ್ಣಿಡು. 3060 ಕಾರ್ಡಿಗೆ ಎನ್‌ವಿಡಿಯಾ ಹೇಳುವುದು 550 ವ್ಯಾಟಿನದು. ಮನೆಯ 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವ್ಯಾಟಿನಷ್ಟು. ಹೊಸ ಲೆಕ್ಕಕ್ಕೆ ಮಾನಿಟರ್ ಸೇರಿಸಿದರೆ ಕರೆಂಟು ಹೋದ ಕ್ಷಣವೇ ಅದು ಕಿರುಚಿ ಕೈಬಿಡಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು, ಮತ್ತೆ ಅದೇ ಫೈಲು, ಅದೇ ಹದಿನೈದು ನಿಮಿಷ. ಪೇಸ್ಟ್, ಫ್ಯಾನ್, ಬಯೋಸ್ ಮೂರನ್ನೂ ಒಂದೇ ಮಧ್ಯಾಹ್ನ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ನಿನಗೂ ತಿಳಿಯುವುದಿಲ್ಲ, ನನಗೂ ಹೇಳಲಾಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಕೂಲರ್ ಬೇಕೇಬೇಕು ಎಂದಾದರೆ ನೀರಿನದು ಬೇಡ. ಪಂಪ್ ಕೆಟ್ಟರೆ ನಮ್ಮ ಕಡೆ ಅದನ್ನು ರಿಪೇರಿ ಮಾಡುವವರಿಲ್ಲ. 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರ್ ಸಾಕು. ಅಂಥವು 150ರಿಂದ 160 ಮಿಲಿಮೀಟರ್ ಎತ್ತರ ಇರುತ್ತವೆ, ಆದ್ದರಿಂದ ಬೋರ್ಡಿನಿಂದ ಪಕ್ಕದ ಬಾಗಿಲಿನವರೆಗೆ ಎಷ್ಟು ಜಾಗವಿದೆ ಎಂದು ಸ್ಕೇಲ್ ಹಿಡಿದು ಅಳೆದುಕೊಂಡೇ ಅಂಗಡಿಗೆ ಹೋಗು. ಸ್ಟೆಲ್ತ್ ಹಾಕುವಾಗ ಬೋರ್ಡಿನಿಂದ ಬಿಚ್ಚಿಟ್ಟ ಎರಡು ಪ್ಲಾಸ್ಟಿಕ್ ಬ್ರಾಕೆಟ್‌ಗಳು ಎಲ್ಲೋ ಡಬ್ಬದಲ್ಲಿವೆ, ಹುಡುಕಿಡು. ಎಷ್ಟೋ ಟವರ್ ಕೂಲರ್‌ಗಳು ಕೊಕ್ಕೆ ಹಾಕುವುದು ಅವಕ್ಕೇ.