ಹಳೆಯ ಸುಸ್ತಿಬಾಕಿ, ಹೊಸ ಅಡಮಾನ ಸಾಲ: ಬೆಳೆಗಾರರಿಗೊಂದು ಪಾಠ



ನಮ್ಮ ಸಂಘದ ಕಚೇರಿಗೆ ಬರುವ ಹಲವು ಸದಸ್ಯರು ಈಚೆಗೆ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಹಿಂದೆ ಸುಸ್ತಿಯಾಗಿದ್ದ ಸಾಲ ಹೇಗೋ ತೀರಿದೆ, ಇಲ್ಲವೇ ಮನ್ನಾ ಆಗಿದೆ. ಈಗ ಮನೆ ಕಟ್ಟಲೆಂದು ಆಸ್ತಿಯನ್ನು ಅಡವಿಟ್ಟು ಸಾಲ ಕೇಳಿದರೆ ಬ್ಯಾಂಕಿನವರು ಒಲ್ಲೆ ಎನ್ನುತ್ತಾರೆ. ಇದಕ್ಕೆ ದಾರಿ ಏನು? ದಾರಿ ಇದೆ. ಆದರೆ ಅದು ನಿಧಾನದ ದಾರಿ. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ದೂರ ಹೋಗೋಣ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಕಾಫಿಯೂ ಇಲ್ಲ, ಅಡಿಕೆಯೂ ಇಲ್ಲ. ಎರೆಹೊಲದ ಆ ಸೀಮೆಯಲ್ಲಿ ಹೆಸರು, ಕಡಲೆ, ಜೋಳ, ಈರುಳ್ಳಿ, ಮೆಣಸಿನಕಾಯಿ ಬೆಳೆಯುತ್ತಾರೆ. ಆದರೂ ರೈತನ ಸಾಲದ ಕಥೆಯನ್ನು ಅಲ್ಲಿಂದಲೇ ಆರಂಭಿಸುವುದು ನ್ಯಾಯ. ರೋಣಕ್ಕೆ ನೆರೆಯ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ, ಅಂದರೆ ಸಹಕಾರ ಸಂಘಗಳ ಕಾಯ್ದೆ ಬಂದ ಮರುವರ್ಷವೇ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಅದು ಈ ದೇಶದ ಸಹಕಾರ ಚಳವಳಿಯ ತೊಟ್ಟಿಲು. ಆ ಕಾಲದಲ್ಲಿ ಸಾಲಗಾರನ ಯೋಗ್ಯತೆಯನ್ನು ಅಳೆಯುತ್ತಿದ್ದುದು ನೆರೆಹೊರೆಯವರ ಕಣ್ಣು. ಯಾರು ದುಡಿಯುತ್ತಾರೆ, ಯಾರು ಮಾತು ಉಳಿಸಿಕೊಳ್ಳುತ್ತಾರೆ ಎಂಬುದು ಊರಿಗೇ ತಿಳಿದಿತ್ತು.

ಅದೇ ಸೀಮೆ ಸಾಲದ ಇನ್ನೊಂದು ಮುಖವನ್ನೂ ಕಂಡಿತು. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಕಾಲುವೆಯ ನೀರು ಸರಿಯಾಗಿ ತಲುಪದ ಹೊಲಗಳ ಮೇಲೂ ಅಭಿವೃದ್ಧಿ ಕರದ ಬಾಕಿ ಬಿತ್ತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ಆಗಿ ಜೀವಹಾನಿಯಾಯಿತು. ರಾಜ್ಯದ ರೈತ ಚಳವಳಿ ಬಲಗೊಂಡದ್ದು ಅಲ್ಲಿಂದ. ಇಂದಿಗೂ ಪ್ರತಿ ವರ್ಷ ಆ ದಿನ ಹುತಾತ್ಮರನ್ನು ಸ್ಮರಿಸುತ್ತಾರೆ. ಮುಂದೆ 1990ರಲ್ಲಿ, 2008ರಲ್ಲಿ, 2018ರಲ್ಲಿ ಸಾಲಮನ್ನಾ ಯೋಜನೆಗಳು ಬಂದವು. 2018ರ ರಾಜ್ಯ ಯೋಜನೆಯಲ್ಲಿ ವಾಣಿಜ್ಯ ಬ್ಯಾಂಕುಗಳ ಬೆಳೆಸಾಲಕ್ಕೆ 2 ಲಕ್ಷ ರೂಪಾಯಿ, ಸಹಕಾರ ಸಂಘಗಳ ಬೆಳೆಸಾಲಕ್ಕೆ 1 ಲಕ್ಷ ರೂಪಾಯಿ ಮಿತಿ ಇತ್ತು. ಗಿಡ ನೆಡಲು, ಬಾವಿ ತೋಡಲು ಪಡೆದ ಅವಧಿ ಸಾಲ ಅದರಲ್ಲಿ ಸೇರಲಿಲ್ಲ.

ಮನ್ನಾದಿಂದ ಎಷ್ಟೋ ಮನೆಗಳು ಉಸಿರಾಡಿದವು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೆಳೆಗಾರನು ತಿಳಿಯಬೇಕಾದ ಮಾತು ಇದು: ಸಾಲ ಮನ್ನಾ ಆದೀತು, ಹೆಸರು ಮನ್ನಾ ಆಗದು. ನೆರೆಹೊರೆಯ ಕಣ್ಣಿನ ಜಾಗದಲ್ಲಿ ಇಂದು ದಾಖಲೆ ಕುಳಿತಿದೆ. ದಾಖಲೆಗೆ ನಮ್ಮ ಕಷ್ಟ ಕಾಣುವುದಿಲ್ಲ, ನಾವು ಕಟ್ಟಿದ ತಾರೀಖು ಮಾತ್ರ ಕಾಣುತ್ತದೆ.

ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. 1999ರಲ್ಲಿ ನಾವು ರೊಬಸ್ಟಾ ಮರುನಾಟಿಗೆ ಸಾಲ ಮಾಡಿದೆವು. 2001-02ರಲ್ಲಿ ಕಾಫಿ ಧಾರಣೆ ನೆಲ ಕಚ್ಚಿತು. ಕಂತು ತಪ್ಪಿತು, ಬಡ್ಡಿ ಬೆಳೆಯಿತು. 2009ರಲ್ಲಿ ಒಂದೇ ಬಾರಿಯ ತೀರುವಳಿ ಮಾಡಿಕೊಂಡೆವು. 42 ಸಾವಿರ ರೂಪಾಯಿ ಬಡ್ಡಿ ಬಿಟ್ಟರು. ಲಾಭವಾಯಿತೆಂದು ಸಂತೋಷಪಟ್ಟೆವು. 2017ರಲ್ಲಿ ಮನೆ ಸಾಲಕ್ಕೆ ಅರ್ಜಿ ಕೊಟ್ಟಾಗ ಅದು ತಿರಸ್ಕೃತವಾಯಿತು. 2019ರ ಆಗಸ್ಟ್ ಮಳೆಯಲ್ಲಿ ಹಳೆಯ ಮನೆಯ ಹಿಂದಿನ ಗೋಡೆ ಬಿತ್ತು. ಎರಡು ಮಳೆಗಾಲ ಟಾರ್ಪಾಲಿನ ಮರೆಯಲ್ಲಿ ಕಳೆದೆವು. ಸಾಲ ಸಿಕ್ಕಿದ್ದು 2021ರಲ್ಲಿ. ಈ ನಡುವೆ ನಾವು ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇವೆ.

ಮೊದಲನೆಯದು, ನಮ್ಮ ಸಾಲದ ವರದಿಯನ್ನು ನಾವೇ ಓದುವುದು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಕಂಪನಿಗಳು ಸಾಲಗಾರರ ದಾಖಲೆ ಇಡುತ್ತವೆ. ಪ್ರತಿಯೊಂದು ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ. ಅಂಕ 300ರಿಂದ 900ರವರೆಗೆ ಇರುತ್ತದೆ. ಅಂಕವನ್ನಷ್ಟೇ ನೋಡಿ ಬಿಡಬೇಡಿ. ಪ್ರತಿ ಸಾಲದ ಸಾಲನ್ನೂ ಓದಿ. ನಮ್ಮ ವರದಿಯಲ್ಲಿ ತೀರಿದ ಸಾಲದ ಎದುರು ‘ಕ್ಲೋಸ್ಡ್’ ಎಂಬುದರ ಬದಲು ‘ಸೆಟಲ್ಡ್’ ಎಂದಿತ್ತು. ಪೂರ್ತಿ ಕಟ್ಟದೆ ರಾಜಿಯಲ್ಲಿ ಮುಗಿಸಿದ್ದು ಎಂದು ಅದರ ಅರ್ಥ. ಅದರ ಕೆಳಗೆ, ಚಿಕ್ಕಪ್ಪನ ಮಗನ ಟ್ರ್ಯಾಕ್ಟರ್ ಸಾಲಕ್ಕೆ ನಾವು ಹಾಕಿದ್ದ ಜಾಮೀನು ಸುಸ್ತಿಯಾಗಿ ಕುಳಿತಿತ್ತು. ಅದನ್ನು ನಾವು ಮರೆತೇಬಿಟ್ಟಿದ್ದೆವು.

ಎರಡನೆಯದು, ತಪ್ಪಿದ್ದರೆ ತಿದ್ದಿಸುವುದು. ಕಟ್ಟಿದ ಸಾಲ ಬಾಕಿಯೆಂದೇ ಉಳಿದಿದ್ದರೆ ಬ್ಯಾಂಕಿಗೂ ಆ ಕಂಪನಿಗೂ ಲಿಖಿತ ದೂರು ಕೊಡಿ. ರಸೀದಿ ಮತ್ತು ಬೇಬಾಕಿ ಪತ್ರದ ನಕಲು ಲಗತ್ತಿಸಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರಿಂದ ಜಾರಿಯಲ್ಲಿದೆ.

ಮೂರನೆಯದು, ರಾಜಿಯಲ್ಲಿ ಬಿಟ್ಟ ಹಣದ ವಿಚಾರ. ಕೈಲಾದರೆ ಆ ಹಣವನ್ನು ಕಟ್ಟಿ ಪೂರ್ಣ ತೀರುವಳಿ ಪತ್ರ ಪಡೆಯಬಹುದೇ ಎಂದು ಬ್ಯಾಂಕನ್ನು ಕೇಳಿ. ನಾವು 42 ಸಾವಿರ ಕಟ್ಟಿದೆವು. ಕಟ್ಟುವ ಮೊದಲು, ವರದಿಯಲ್ಲಿ ತಿದ್ದುಪಡಿ ಮಾಡುತ್ತೇವೆಂದು ಬರಹದಲ್ಲಿ ಪಡೆದೆವು. ಈ ಎಚ್ಚರ ಅಗತ್ಯ. ಜಾಮೀನಿನ ಸಾಲಕ್ಕೆ ಚಿಕ್ಕಪ್ಪನ ಮಗನೊಡನೆ ಕುಳಿತು ಮಾತಾಡಿದೆವು. ಎರಡು ಕೊಯ್ಲಿನ ಹಣದಲ್ಲಿ ಅವರು ತೀರಿಸಿದರು.

ನಾಲ್ಕನೆಯದು, ಭೂಮಿಯ ಕಾಗದ. ನಾವು ಪಹಣಿ ಎನ್ನುವುದನ್ನು ರೋಣ, ನರಗುಂದದ ಕಡೆ ಉತಾರ ಎನ್ನುತ್ತಾರೆ. ಅದರಲ್ಲಿ ಏರಿದ ಸಾಲವನ್ನು ಭೋಜಾ ಎನ್ನುತ್ತಾರೆ. ಹೆಸರು ಯಾವುದಾದರೂ ನೋಡಬೇಕಾದುದು 11ನೇ ಕಾಲಂ. ಸಾಲ ತೀರಿ ಎಷ್ಟೋ ವರ್ಷವಾದರೂ ಅಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದುಂಟು. ಬ್ಯಾಂಕಿನಿಂದ ತೀರುವಳಿ ಪತ್ರ ಪಡೆದು ಕಂದಾಯ ಇಲಾಖೆಯಲ್ಲಿ ಅದನ್ನು ತೆಗೆಸಿ. ಉಪನೋಂದಣಿ ಕಚೇರಿಯ ಋಣಭಾರ ಪತ್ರವನ್ನೂ ತೆಗೆದು ಹೊಂದಿಸಿ ನೋಡಿ. ಹಳೆಯ ಭೋಜಾ ಇರುವ ಆಸ್ತಿಗೆ ಹೊಸ ಅಡಮಾನ ಸಿಗುವುದು ಕಷ್ಟ.

ಐದನೆಯದು, ಸಣ್ಣ ಸಾಲವನ್ನು ಹೇಳಿದ ದಿನಕ್ಕೆ ಕಟ್ಟುವುದು. ಕೆಟ್ಟ ಹೆಸರನ್ನು ಮರೆಸಲು ಬೇರೆ ಮದ್ದಿಲ್ಲ. ಕಿಸಾನ್ ಕಾರ್ಡಿನ ಸಾಲವನ್ನು ತಪ್ಪದೆ ನವೀಕರಿಸಿ. ಸಹಕಾರ ಸಂಘದ ಶೂನ್ಯ ಬಡ್ಡಿಯ ಅನುಕೂಲವೂ ಗಡುವಿನೊಳಗೆ ಕಟ್ಟಿದವರಿಗೇ. ಗಡುವಿಗೆಂದು ಕೈಸಾಲ ತಂದು ಕಟ್ಟಿದರೆ ಹೆಸರು ಉಳಿದೀತು, ಮನೆ ಮುಳುಗೀತು. ಆದ್ದರಿಂದ ತೀರಿಸಲಾಗುವಷ್ಟೇ ಸಾಲ ಪಡೆಯಿರಿ. ಹನಿ ಹನಿ ಕೂಡಿದರೆ ಹಳ್ಳ. ಗ್ರಾಮ ಸಂಘದ ಸಾಲ ಎಷ್ಟೋ ಸಲ ಕಂಪನಿಗಳ ವರದಿಯಲ್ಲಿ ಕಾಣಿಸುವುದೇ ಇಲ್ಲ. ಹಾಗಿದ್ದಲ್ಲಿ ಸಂಘದ ಖಾತೆಯ ಉತಾರೆಯನ್ನು ಅರ್ಜಿಯೊಂದಿಗೆ ಇಡಿ. ಒಂದೇ ತಿಂಗಳಲ್ಲಿ ನಾಲ್ಕಾರು ಬ್ಯಾಂಕುಗಳಿಗೆ ಅರ್ಜಿ ಹಾಕಬೇಡಿ. ಪ್ರತಿ ವಿಚಾರಣೆಯೂ ದಾಖಲಾಗುತ್ತದೆ. ಹಣ ಕೊಟ್ಟರೆ ಅಂಕ ಏರಿಸುತ್ತೇವೆ ಎನ್ನುವವರನ್ನು ದೂರವಿಡಿ. ಅವರು ಮಾಡುವ ಯೋಗ್ಯ ಕೆಲಸವೇನಿದ್ದರೂ ಅದನ್ನು ನೀವೇ ಅಂಚೆಯ ಖರ್ಚಿನಲ್ಲಿ ಮಾಡಬಹುದು.

ಕೊನೆಯದಾಗಿ, ಅಡಮಾನ ಮಾಡುವ ಮುನ್ನ ಯೋಚಿಸಿ. ಮನೆ ಸಾಲದ ಕಂತು ತಿಂಗಳಿಗೊಮ್ಮೆ ಬರುತ್ತದೆ, ನಮ್ಮ ಹಣ ಕೊಯ್ಲಿಗೊಮ್ಮೆ ಬರುತ್ತದೆ. ಕೊಯ್ಲಿನ ಹಣದಲ್ಲಿ ಆರು ತಿಂಗಳ ಕಂತನ್ನಾದರೂ ಠೇವಣಿಯಾಗಿ ತೆಗೆದಿಡಿ. ಅರ್ಧವಾರ್ಷಿಕ ಕಂತಿಗೆ ಬ್ಯಾಂಕು ಒಪ್ಪುವುದೇ ಎಂದೂ ಕೇಳಿ. 2002ರ ಸರ್ಫೇಸಿ ಕಾಯ್ದೆಯ 31ನೇ ಕಲಂ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ಆದರೆ ಕಾಫಿ ತೋಟಕ್ಕೆ ಆ ರಕ್ಷಣೆ ಇದೆಯೇ ಎಂಬ ವಿವಾದವೆದ್ದು, ಬೆಳೆಗಾರರ ವಿರೋಧದ ನಡುವೆಯೂ ತೋಟಗಳು ಹರಾಜಿಗೆ ಬಂದದ್ದುಂಟು. ಮನೆ ಕಟ್ಟಲು ಮನೆಯ ನಿವೇಶನ ಸಾಕಾಗುವುದಾದರೆ ತೋಟವನ್ನು ಅಡವಿಡಬೇಡಿ.

ಸುಸ್ತಿದಾರನೆಂದು ಕರೆಸಿಕೊಂಡವನಿಗೆ ನಾಚಿಕೆಯೇ ದೊಡ್ಡ ಅಡ್ಡಿ. ನಾವೂ ಎರಡು ವರ್ಷ ಬ್ಯಾಂಕಿನ ಮೆಟ್ಟಿಲು ಹತ್ತಲು ನಾಚಿದೆವು. ಆ ಎರಡು ವರ್ಷ ವ್ಯರ್ಥವಾಯಿತು. ಸದಸ್ಯರು ತಮ್ಮ ಪಹಣಿ, ರಸೀದಿ, ಸಾಲದ ವರದಿಗಳನ್ನು ಹಿಡಿದು ಸಂಘದ ಕಚೇರಿಗೆ ಬರಲಿ. ಒಟ್ಟಿಗೆ ಕುಳಿತು ಓದೋಣ. ದೂರಿನ ಪತ್ರವನ್ನು ಬರೆದುಕೊಡಲು ನಾವು ಸಿದ್ಧರಿದ್ದೇವೆ.