ಅರ್ಧ ಹೆಕ್ಟೇರ್ ಹುಲ್ಲಿಗೆ ಎಷ್ಟು ಗೇಣಿ?

ಸ್ವೀಡನ್ನಿನ ಲುಲೆಯೊದಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದು ಪೇಚಿಗೆ ಸಿಕ್ಕಿದೆ. ಮನೆಯ ಜೊತೆಗೆ ಬಂದ ಅರ್ಧ ಹೆಕ್ಟೇರ್ ಹುಲ್ಲುಗಾವಲನ್ನು ಪಕ್ಕದವರು ಕುರಿ ಮೇಯಿಸಲು ಕೇಳುತ್ತಿದ್ದಾರೆ. ಗೇಣಿ ಎಷ್ಟು? ಕೊಟ್ಟರೆ ಜಮೀನು ಕೈತಪ್ಪೀತೇ?

ಎರಡನೆಯ ಪ್ರಶ್ನೆಯ ಹಿಂದಿನ ಭಯ ಕರ್ನಾಟಕದ 1974ರ ಭೂಸುಧಾರಣೆ ಕಂಡ ಮನೆತನದ್ದು. ‘ಉಳುವವನೇ ಒಡೆಯ’ ಎಂಬ ಮಾತು ಕಡಲು ದಾಟಿಯೂ ಬೆನ್ನು ಬಿಟ್ಟಿಲ್ಲ! ಸ್ವೀಡನ್ನಿನಲ್ಲಿ ಕುರಿ ಮೇಯಿಸಿದ ಮಾತ್ರಕ್ಕೆ ಯಾರೂ ಒಡೆಯರಾಗುವುದಿಲ್ಲ. ಆದರೆ ಕರಾರಿನ ಅವಧಿ ಒಂದು ವರ್ಷ ಮೀರಿದರೆ ಗೇಣಿದಾರನಿಗೆ ಮುಂದುವರಿಯುವ ಹಕ್ಕು ಹುಟ್ಟಬಹುದು. ವಾಸದ ಮನೆಯಿಲ್ಲದ ತುಂಡು ಜಮೀನಿಗೆ ಒಂದೇ ವರ್ಷದ ಕರಾರು ಸಾಕು. ಅದು ಬರಹದಲ್ಲೇ ಇರಬೇಕೆಂಬುದು ಕಾನೂನು.

ಇನ್ನು ದರ. ದಕ್ಷಿಣದ ಸ್ಕೋನೆಯ ಗೇಣಿ ನೋಡಿ ಲುಲೆಯೊದಲ್ಲಿ ಲೆಕ್ಕ ಹಾಕಬಾರದು. ಅಲ್ಲಿ ಹಾಲಿನ ಹಸುಗಳನ್ನು ಬೇಸಿಗೆಯಲ್ಲಿ ಕನಿಷ್ಠ 4 ತಿಂಗಳು ಹೊರಗೆ ಮೇಯಿಸಬೇಕೆಂಬ ನಿಯಮವಿದೆ. ಲುಲೆಯೊ ಇರುವ ನಾರ್‌ಬೊಟೆನ್‌ನಲ್ಲಿ ಬರೀ 2 ತಿಂಗಳು. ಹುಲ್ಲಿನ ಕಾಲವೇ ಅಷ್ಟು ಗಿಡ್ಡ.

ತುಂಡು ಜಮೀನಿನ ನಿಜವಾದ ಶತ್ರು ಬೇಲಿ. ಚೌಕಾಕಾರದ ಒಂದು ಹೆಕ್ಟೇರಿಗೆ 400 ಮೀಟರ್ ಬೇಲಿ ಬೇಕು. ಅರ್ಧ ಹೆಕ್ಟೇರಿಗೆ 200 ಸಾಕೆಂದು ಮನಸ್ಸು ಹೇಳುತ್ತದೆ, ಟೇಪು ಹೇಳುವುದು 283. ಆ ಖರ್ಚು ಯಾರದು, ನೀರು ಯಾರು ಹೊರುತ್ತಾರೆ, ಯುರೋಪ್ ಒಕ್ಕೂಟದ ಸಹಾಯಧನಕ್ಕೆ ಅರ್ಜಿ ಹಾಕುವವರು ಯಾರು ಎಂಬುದನ್ನು ಮೊದಲು ಬರೆದುಕೊಂಡು, ಆಮೇಲೆ ಹಣದ ಮಾತಾಡಬೇಕು.

ಬೇಲಿಯನ್ನು ಪಕ್ಕದವರೇ ಹಾಕಿ, ಸಹಾಯಧನವೂ ಅವರಿಗೆ ಸಿಗದಿದ್ದರೆ ಈ ಕುಟುಂಬ ನಾಮಮಾತ್ರದ ಗೇಣಿ ಪಡೆಯುವುದೇ ನ್ಯಾಯ. ಕುರಿ ಬಾರದಿದ್ದರೆ ಆ ಹುಲ್ಲನ್ನು ಕುಟುಂಬದವರೇ ಕೊಯ್ಯಬೇಕಾದೀತು.